ವರ್ಷದ ಕೊನೆಯ ಸಂಜೆ: ಈ ಸಲವೂ ನಾನೂರು ಫೋಟೊ ನೋಡಬೇಕಾ?

ಮುಲುಂಡ್ ಅಪರ್ಚರ್
ಎಲ್ಲರಿಗೂ ನಮಸ್ಕಾರ. ಮುಂಬೈಯ ನಮ್ಮ ಫೋಟೊ ಕ್ಲಬ್ಬಿನ ವರ್ಷಾಂತ್ಯದ ಸಂಜೆ ಈ ಸಲ ನನ್ನ ತಲೆಗೆ ಬಂದಿದೆ. ಕಾರ್ಯದರ್ಶಿ ಆಗ್ತೀರಾ ಅಂತ ಕೇಳಿದಾಗ ಬಾಯಲ್ಲಿ ಬಿಸಿ ಚಹಾ ಇತ್ತು. ಬೇಡ ಅನ್ನೋಕೆ ಆಗಲಿಲ್ಲ.

ಹೋದ ವರ್ಷದ್ದು ನೆನಪಿದೆಯಲ್ಲ? ಆರೂವರೆಗೆ ಅಂದದ್ದು ಏಳೂಕಾಲಿಗೆ ಶುರುವಾಯಿತು. ಆಮೇಲೆ ಸ್ಲೈಡ್ ಶೋ. ನಾನೇ ಎಣಿಸಿದ್ದೇನೆ, 412 ಫೋಟೊ. ಒಂದೊಂದಕ್ಕೆ ಆರು ಸೆಕೆಂಡ್. 41 ನಿಮಿಷ ಆಯಿತು. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಾಲ್ಕೇ ಜನರದ್ದು. ನಡುವೆ ಲ್ಯಾಪ್‌ಟಾಪ್ ಬೇರೆ ಅಪ್‌ಡೇಟ್ ಆಗಲು ಕೂತುಬಿಟ್ಟಿತು. ಊಟ ಬಡಿಸುವ ಹೊತ್ತಿಗೆ ಕಲ್ಯಾಣ, ಪನ್ವೇಲ್ ಕಡೆಯವರು ಚಪ್ಪಲಿ ಹಾಕಿಕೊಂಡಾಗಿತ್ತು. ಉಳಿದ ಪಲಾವ್ ನಮ್ಮ ಮನೆಯಲ್ಲಿ ಎರಡು ದಿನ ತಿಂದೆವು.

ಈ ಸಲ ಮಾಟುಂಗಾದಲ್ಲಿ ಒಂದು ಸಣ್ಣ ಹಾಲ್ ಸಿಗುವ ಹಾಗಿದೆ. ಡಿಸೆಂಬರ್ 28, ಭಾನುವಾರ. ಸ್ಲೈಡ್ ಶೋ ಇರಲಾ, ಬಿಡಲಾ? ಇದ್ದರೆ ಎಷ್ಟು ಹೊತ್ತು? ನಾಚಿಕೆ ಬಿಟ್ಟು ಹೇಳಿ.

ಡೊಂಬಿವಲಿ ಸ್ಲೋ
ಬಿಡಿ. ಊಟ ಮಾತ್ರ ಇರಲಿ.

ಧಾರವಾಡದ ಪೇಡೆ
ಭಾನುವಾರ ಅಂದ್ರ ಹಳಿ ರಿಪೇರಿಗಂತ ಲೋಕಲ್ ಗಾಡಿ ಏರುಪೇರು ಮಾಡೋ ಮೆಗಾಬ್ಲಾಕ್ ಇರ್ತದ್ರಿ ಅಕ್ಕಾರ. ಮಾಟುಂಗಾ-ಮುಲುಂಡ್ ನಡುವೇನೇ ಹೆಚ್ಚಾಗಿ ಹಾಕ್ತಾರ. ಠಾಣೆಯಿಂದ ನಾವು ಹೆಂಗ ಬರೋದು?

ಮುಲುಂಡ್ ಅಪರ್ಚರ್
ಬ್ಲಾಕ್ ಸಾಮಾನ್ಯವಾಗಿ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮುಗಿಯುತ್ತದೆ. ನಾವು ಸೇರುವುದು ಸಂಜೆ. ಆದರೆ ಫಾಸ್ಟ್ ಲೋಕಲ್ ಹತ್ತಿದವರು ನೆನಪಿಡಿ, ಅದು ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ದಾದರ್‌ನಲ್ಲಿ ಇಳಿದು ಹಿಂದೆ ಬರಬೇಕು. ಹೋದ ಸಲ ಒಬ್ಬರು ನೇರ ಭಾಯಖಳಾಕ್ಕೆ ಹೋಗಿ ಅಲ್ಲಿಂದ ಫೋನ್ ಮಾಡಿದ್ದರು.

ಡೊಂಬಿವಲಿ ಸ್ಲೋ
ಆ ಒಬ್ಬರು ನಾನೇ. ಅದಕ್ಕೇ ಈ ಹೆಸರು.

ಕುಂದಾಪುರದ ಕೊಕ್ಕರೆ
28ಕ್ಕೆ ಇಟ್ಟರೆ ಊರಿಗೆ ಹೋದವರು ಯಾರೂ ಸಿಗುವುದಿಲ್ಲ ಮಾರಾಯ್ರೇ. ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಮತ್ಸ್ಯಗಂಧಾ ರೈಲಿನ ಟಿಕೆಟ್ 60 ದಿನ ಮೊದಲೇ ತೆಗೆದು ಇಟ್ಟಿದ್ದೇನೆ, ಅದನ್ನು ನಿಮ್ಮ ಪಲಾವಿಗೋಸ್ಕರ ಕ್ಯಾನ್ಸಲ್ ಮಾಡಲಿಕ್ಕೆ ಉಂಟಾ? 21 ಮಾಡಿ.

ಹೋಟೆಲ್ ಮಾಣಿ
21 ನನಗೂ ಒಳ್ಳೆಯದು. ಕೊನೆಯ ವಾರದಲ್ಲಿ ಹೋಟೆಲಿನಿಂದ ರಜೆ ಕೇಳಿದರೆ ಧಣಿಗಳು ವರ್ಷಪೂರ್ತಿ ರಜೆ ಕೊಟ್ಟುಬಿಡುತ್ತಾರೆ.

ನೆರಳುಬೆಳಕು
ಸ್ಲೈಡ್ ಶೋ ಬೇಡ ಅನ್ನುವವರಿಗೆ ಒಂದು ಮಾತು. ನಾವು ಸೇರಿರುವುದು ಫೋಟೊ ಕ್ಲಬ್ಬಿಗೆ. ವರ್ಷವಿಡೀ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗಿ ತೆಗೆದದ್ದನ್ನು ದೊಡ್ಡ ಪರದೆಯ ಮೇಲೆ ನೋಡುವುದು ಒಂದೇ ದಿನ. ಬರೀ ಊಟ ಬೇಕಾದರೆ ಮದುವೆಗೆ ಹೋಗಿ. ಆ ನಾಲ್ಕು ಜನರಲ್ಲಿ ನಾನೂ ಒಬ್ಬ ಅಂತ ಗೊತ್ತು. ಉಳಿದವರು ಕಳಿಸಲಿಲ್ಲ, ನಾವು ಕಳಿಸಿದೆವು. ಅದು ನಮ್ಮ ತಪ್ಪಾ?

ಡೊಂಬಿವಲಿ ಸ್ಲೋ
ಸರ್, ಒಂದೇ ಮಿಂಚುಳ್ಳಿಯ 19 ಫೋಟೊ ಇತ್ತು. ಕೊನೆಗೆ ಅದಕ್ಕೇ ಬೇಜಾರಾಗಿ ಹಾರಿಹೋಯಿತು.

ನೆರಳುಬೆಳಕು
ಅದು ಸರಣಿ ಚಿತ್ರ. ಮೀನು ಹಿಡಿಯುವ ಕ್ರಮ ತೋರಿಸಲು ಹಾಕಿದ್ದು.

ಕುಂದಾಪುರದ ಕೊಕ್ಕರೆ
ಮೀನು ಕೊನೆವರೆಗೂ ಸಿಗಲಿಲ್ಲವಲ್ಲ ಸರ್.

ಮೂಕಪ್ರೇಕ್ಷಕಿ
ನಾನು ಕ್ಲಬ್ಬಿನವಳಲ್ಲ, ಕ್ಲಬ್ಬಿನವರ ಹೆಂಡತಿ. ಮೂರು ವರ್ಷದಿಂದ ಬರುತ್ತಿದ್ದೇನೆ, ಆದ್ದರಿಂದ ಹೇಳುವ ಹಕ್ಕಿದೆ.

ನಮ್ಮಂಥವರ ಕಡೆಯಿಂದ ನೋಡಿ. ಕತ್ತಲೆ ಕೋಣೆ. ಪರದೆ ಮೇಲೆ ಒಂದು ಹಕ್ಕಿ. ಯಾರೋ "ಎಷ್ಟು ಎಂಎಂ?" ಅನ್ನುತ್ತಾರೆ. "ಆರುನೂರು." ಅದು ಲೆನ್ಸಿನ ಅಳತೆಯಂತೆ. "ಓಹೋ." ಮುಂದಿನ ಹಕ್ಕಿ. ಆ ಹಕ್ಕಿ ಎಲ್ಲಿ ಸಿಕ್ಕಿತು, ಯಾರ ಜೊತೆ ಹೋಗಿದ್ದರು, ಅವತ್ತು ಬೆಳಿಗ್ಗೆ ಏನಾಯಿತು ಅಂತ ಒಬ್ಬರಾದರೂ ಹೇಳಿದ್ದಾರಾ? ನಮ್ಮವರು ಶಿವಡಿಯ ಕೆಸರಲ್ಲಿ ಮೊಣಕಾಲುದ್ದ ಸಿಕ್ಕಿಕೊಂಡು ಒಂದು ಶೂ ಅಲ್ಲೇ ಬಿಟ್ಟು ಬಂದಿದ್ದರು. ಒಂದೇ ಶೂ ಹಾಕಿಕೊಂಡು ಹಾರ್ಬರ್ ಲೈನ್‌ನಲ್ಲಿ ಬಂದರು. ಆ ಕತೆ ಹೇಳಿದ್ದರೆ ಎಲ್ಲರೂ ನಗುತ್ತಿದ್ದರು. ಪರದೆ ಮೇಲೆ ಬಂದದ್ದು ಮಾತ್ರ ಗುಲಾಬಿ ಚುಕ್ಕಿಗಳು.

ಧಾರವಾಡದ ಪೇಡೆ
ವೈನಿ, ಆ ಶೂ ಈಗೂ ಅಲ್ಲೇ ಇರಬೇಕ್ರಿ. ಅದರ ಮ್ಯಾಲೆ ಅಟಲ್ ಸೇತು ಕಟ್ಟಿಬಿಟ್ಟಾರ.

ಕುಂದಾಪುರದ ಕೊಕ್ಕರೆ
ಚುಕ್ಕಿ ಅನ್ನಬೇಡಿ ಅತ್ತಿಗೆ, ಅವು ಫ್ಲೆಮಿಂಗೊ. ಶಿವಡಿಗೆ ಭರತ-ಇಳಿತದ ವೇಳೆ ನೋಡದೆ ಹೋದರೆ ಎಲ್ಲರಿಗೂ ಚುಕ್ಕಿಯೇ ಸಿಗುವುದು. ನೀರು ಪೂರ್ತಿ ಇಳಿದರೆ ಅವು ದೂರದ ಕೆಸರಿಗೆ ಹೋಗುತ್ತವೆ. ಐರೋಳಿಯಿಂದ ದೋಣಿಯಲ್ಲಿ ಹೋಗುವುದು ವಾಸಿ. ಠಾಣೆ ಖಾಡಿಯ ಆ ಭಾಗ 2015ರಿಂದ ಫ್ಲೆಮಿಂಗೊ ಅಭಯಾರಣ್ಯ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. 21ರ ಬೆಳಿಗ್ಗೆ ಅಲ್ಲಿಗೆ ಹೋಗಿ ಸಂಜೆ ಪಾರ್ಟಿ ಮಾಡೋಣವಾ?

ಮುಲುಂಡ್ ಅಪರ್ಚರ್
ಬೆಳಿಗ್ಗೆ ದೋಣಿ, ಮಧ್ಯಾಹ್ನ ಮೆಗಾಬ್ಲಾಕ್, ಸಂಜೆ ಪಾರ್ಟಿ. ಬೇಡ. ವಿಷಯಕ್ಕೆ ಬನ್ನಿ.

ಕಪ್ಪುಬಿಳುಪು
ಹಳಬನ ಮಾತು ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಎಂಬತ್ತರ ದಶಕದಲ್ಲಿ ನಾವು ಹತ್ತು-ಹನ್ನೆರಡು ಜನ ಸೇರುತ್ತಿದ್ದೆವು. ಮಾಟುಂಗಾದಲ್ಲಿ ಒಬ್ಬರ ಮನೆಯ ಹಜಾರ, ಗೋಡೆಗೆ ಬಿಳಿ ಪಂಚೆ. ಸ್ಲೈಡ್ ಅಂದರೆ ನಿಜವಾದ ಸ್ಲೈಡ್. ಒಂದು ರೋಲಿಗೆ 36. ರೋಲಿಗೂ ದುಡ್ಡು, ತೊಳೆಸಲೂ ದುಡ್ಡು. ಸಂಬಳದಲ್ಲಿ ತಿಂಗಳಿಗೆ ಒಂದು ರೋಲ್ ಆದರೆ ದೊಡ್ಡದು. ಪ್ರೊಜೆಕ್ಟರಿನ ದುಂಡು ಟ್ರೇಗೆ 80 ಸ್ಲೈಡ್ ಹಿಡಿಯುತ್ತಿತ್ತು. ಎಂಬತ್ತು ಮುಗಿಯಿತಾ, ಶೋ ಮುಗಿಯಿತು. ಟ್ರೇ ತಾನೇ ಸೆನ್ಸಾರ್ ಮಾಡುತ್ತಿತ್ತು.

ಸ್ಲೈಡನ್ನು ಟ್ರೇಗೆ ಹಾಕಲು ಎಂಟು ರೀತಿ ಇದೆ. ಏಳು ತಪ್ಪು, ಒಂದು ಸರಿ. ಪ್ರತಿ ಸಂಜೆ ಯಾರದ್ದಾದರೂ ಒಂದು ತಲೆಕೆಳಗಾಗುತ್ತಿತ್ತು. ಆಗ ದೀಪ ಹಾಕಿ ಸರಿ ಮಾಡಬೇಕು. ಆ ಎರಡು ನಿಮಿಷದಲ್ಲೇ ಚಹಾ ಬರುತ್ತಿತ್ತು, ಮಾತೂ ಬರುತ್ತಿತ್ತು. ಬಲ್ಬಿನ ಬಿಸಿಗೆ ಸ್ಲೈಡ್ ಉಬ್ಬಿ ತಟ್ಟನೆ ಫೋಕಸ್ ತಪ್ಪುತ್ತಿತ್ತು. "ಸರಿ ಮಾಡ್ರೋ" ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು.

ಈಗ ಬೆಳಿಗ್ಗೆ ಒಂದು ಹಕ್ಕಿ ನೋಡಿ ಸಂಜೆಯೊಳಗೆ ಎರಡು ಸಾವಿರ ಒತ್ತುತ್ತೀರಿ. ನಾನೂ ಒತ್ತುತ್ತೇನೆ, ಸುಳ್ಳು ಯಾಕೆ. ಆದರೆ ಒತ್ತಿದ್ದನ್ನೆಲ್ಲ ತೋರಿಸಬೇಕು ಅಂತ ಯಾರು ಹೇಳಿದರು? ತಲಾ ಐದು ಸಾಕು.

ಮೊಬೈಲ್ ಮಾತ್ರ
ಐದು ಸಾಕು, ಒಪ್ಪಿದೆ. ಆದರೆ ಫೋನಿನಲ್ಲಿ ತೆಗೆದದ್ದೂ ಸೇರುತ್ತಾ? ಹೋದ ವರ್ಷ ನಾನು ಕೊಟ್ಟ ಮೂರನ್ನೂ "ಫೋನ್ ಫೋಟೊ" ಅಂತ ಪಕ್ಕಕ್ಕೆ ಇಟ್ಟಿದ್ದರು. ಬೋರಾ ಬಜಾರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ವಿಚಾರಿಸಿದ್ದೆ. ಬೆಲೆ ಕೇಳಿ ಹೊರಗೆ ಬಂದು ವಡಾಪಾವ್ ತಿಂದೆ.

ನೆರಳುಬೆಳಕು
ಪಕ್ಕಕ್ಕೆ ಇಟ್ಟದ್ದು ಫೋನ್ ಅಂತ ಅಲ್ಲ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಿರಿ ಅಂತ. ಅಲ್ಲಿ ಫೋಟೊ ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಮೇಲ್ ಮಾಡಿ.

ಎಲ್ಲರಿಗೂ ಅನ್ವಯಿಸುವ ಮಾತು: ಪ್ರೊಜೆಕ್ಟರ್ 1920×1080. ಅಡ್ಡ ಫೋಟೊ ಆಗಲಿ, ಉದ್ದ ಫೋಟೊ ಆಗಲಿ, ಅಗಲ 1920, ಎತ್ತರ 1080 ದಾಟದ ಹಾಗೆ ಇಳಿಸಿ. ಬಣ್ಣದ ಸೆಟ್ಟಿಂಗ್ ಸಾಮಾನ್ಯ ಪರದೆಗೆ ಹೊಂದುವ ಎಸ್‌ಆರ್‌ಜಿಬಿಯಲ್ಲಿರಲಿ. ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದರೆ ಪರದೆ ಮೇಲೆ ಮುಖಗಳು ಜ್ವರ ಬಂದ ಹಾಗೆ ಕಾಣುತ್ತವೆ. ಹೋದ ವರ್ಷ ನನ್ನ ಮೇಲೇ ಆರೋಪ ಬಂತು, "ಪ್ರೊಜೆಕ್ಟರ್ ಸರಿ ಹೊಂದಿಸಿಲ್ಲ" ಅಂತ.

ಮೊಬೈಲ್ ಮಾತ್ರ
ಸರಿ ಸರ್. ಇದನ್ನು ಅವತ್ತೇ ಹೇಳಿದ್ದರೆ ನಾನು ಒಂದು ವರ್ಷ ನಿಮ್ಮನ್ನು ಬೈದುಕೊಳ್ಳುತ್ತಿರಲಿಲ್ಲ.

ಟ್ರೈಪಾಡ್ ಮೂರುಕಾಲು
ಬಹುಮಾನ ಇದೆಯಾ ಈ ಸಲ? ಇದ್ದರೆ ಆಕಾಶ ಬದಲಾಯಿಸಿದ ಫೋಟೊಗೆ ಕೊಡಬೇಡಿ. ಹೋದ ವರ್ಷ ಗೆದ್ದದ್ದರಲ್ಲಿ ಮೇಲೆ ಮೋಡ ಕೆಂಪು, ಕೆಳಗೆ ಕೆರೆಯಲ್ಲಿ ಅದೇ ಮೋಡ ಬೂದು. ತೀರ್ಪುಗಾರರು ನೀರಿನ ಕಡೆ ನೋಡಲೇ ಇಲ್ಲ.

ಮುಲುಂಡ್ ಅಪರ್ಚರ್
ಬಹುಮಾನ ಬೇಡ ಅಂತಲೇ ನನ್ನ ಮನಸ್ಸು. ಒಬ್ಬರಿಗೆ ಟ್ರೋಫಿ ಕೊಟ್ಟು ಇಪ್ಪತ್ತು ಜನರ ಮುಖ ನೋಡುವವಳು ನಾನು.

ಡೊಂಬಿವಲಿ ಸ್ಲೋ
ಬಹುಮಾನ ಕೊಡುವುದಾದರೆ ಅತಿ ಕೆಟ್ಟ ಫೋಟೊಗೆ ಕೊಡಿ. ನನಗೆ ಚಾನ್ಸ್ ಇದೆ.

ಮೂಕಪ್ರೇಕ್ಷಕಿ
ಇದು ಚೆನ್ನಾಗಿದೆ! ತಮಾಷೆಗಲ್ಲ, ನಿಜವಾಗಿ ಹೇಳುತ್ತಿದ್ದೇನೆ. ತಲಾ ನಾಲ್ಕು ಒಳ್ಳೆಯದು, ಒಂದು ಕೆಟ್ಟದ್ದು. ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಎದ್ದು ನಿಂತು ಒಂದು ನಿಮಿಷ ಹೇಳಬೇಕು. ಶೂ ಕತೆ ಆಗ ತಾನೇ ಹೊರಗೆ ಬರುತ್ತದೆ.

ಕಪ್ಪುಬಿಳುಪು
ನನ್ನ ಹತ್ತಿರ ಒಂದಿದೆ. ಅಣ್ಣನ ಮದುವೆ. ಧಾರೆ ಎರೆಯುವ ಹೊತ್ತಿಗೆ ರೋಲ್ 36 ದಾಟಿ 40, 42 ಅಂತ ಹೋಗುತ್ತಲೇ ಇತ್ತು. ಅದೃಷ್ಟ ಅಂದುಕೊಂಡೆ. ಆಮೇಲೆ ತೆರೆದು ನೋಡಿದರೆ ಫಿಲ್ಮ್ ಕ್ಯಾಮೆರಾದೊಳಗಿನ ಚಕ್ರದ ಹಲ್ಲುಗಳಿಗೆ ಸಿಕ್ಕೇ ಇರಲಿಲ್ಲ. ಇಡೀ ಮದುವೆ ಖಾಲಿ. ಅತ್ತಿಗೆ ಈಗಲೂ ನನಗೆ ಕಾಫಿ ಕೊಡುವಾಗ ಸಕ್ಕರೆ ಮರೆಯುತ್ತಾರೆ.

ಮೊಬೈಲ್ ಮಾತ್ರ
ಮಾವ, ಅದರಲ್ಲಿ ತೋರಿಸಲು ಫೋಟೊನೇ ಇಲ್ಲವಲ್ಲ!

ಕಪ್ಪುಬಿಳುಪು
ಖಾಲಿ ಸ್ಲೈಡ್ ತೋರಿಸುತ್ತೇನಮ್ಮ. ಅದೇ ಫೋಟೊ.

ಹೋಟೆಲ್ ಮಾಣಿ
ಇನ್ನು ಊಟದ ವಿಷಯ. ನಾನು ವಹಿಸಿಕೊಳ್ಳುತ್ತೇನೆ, ಒಂದು ಷರತ್ತು. ಪಲಾವ್ ಇಲ್ಲ. ನೀರುದೋಸೆ, ಕೋಳಿ ಗಸಿ, ಸಸ್ಯಾಹಾರಿಗಳಿಗೆ ಕಡಲೆ ಗಸಿ. ಬಂದ ಕೂಡಲೇ ಗೋಳಿಬಜೆ, ಚಹಾ.

ಧಾರವಾಡದ ಪೇಡೆ
ರೊಟ್ಟಿ ಇಲ್ಲೇನ್ರಿ? ಎಣ್ಣೆಗಾಯಿ, ಶೇಂಗಾ ಚಟ್ನಿ? ಅರ್ಧ ಕ್ಲಬ್ ನಮ್ಮ ಕಡೆಯವರದ ಅದ. ಪ್ರತಿ ಸಲ ಕರಾವಳಿ ಊಟ ಮಾಡಿ ಮಾಡಿ ನಮಗೂ ಈಜು ಬರೋಹಂಗ ಆಗೇದ.

ಹೋಟೆಲ್ ಮಾಣಿ
ನೀರುದೋಸೆ ಇಪ್ಪತ್ತೈದು ಜನಕ್ಕೆ ಬಿಸಿಬಿಸಿ ಹೊಯ್ಯುವವರು ಯಾರು ಅಂತ ನಾನೇ ಯೋಚಿಸುತ್ತಿದ್ದೆ. ನೀವು ಖಡಕ್ ರೊಟ್ಟಿ ತನ್ನಿ, ಅದು ಕೆಡುವುದಿಲ್ಲ. ಕೋಳಿ ಗಸಿಗೆ ಅದೂ ಹೊಂದುತ್ತದೆ. ನಮ್ಮ ಕೋರಿ ರೊಟ್ಟಿಯ ಚಿಕ್ಕಪ್ಪನ ಮಗ ಅಂದುಕೊಳ್ಳಿ.

ಧಾರವಾಡದ ಪೇಡೆ
ಜೋಳದ ರೊಟ್ಟಿಗೆ ಕೋಳಿ ಗಸಿ. ನಮ್ಮವ್ವಗ ಹೇಳಬ್ಯಾಡ್ರಿ.

ಡೊಂಬಿವಲಿ ಸ್ಲೋ
ಕೇಕ್? ಡಿಸೆಂಬರ್ ಅಲ್ವಾ.

ಹೋಟೆಲ್ ಮಾಣಿ
ಇರಾನಿ ಬೇಕರಿಯ ಮಾವಾ ಕೇಕ್ ತರುತ್ತೇನೆ. ಪ್ಲಮ್ ಕೇಕ್ ಬೇಕಾದವರು ಬಾಂದ್ರಾದಲ್ಲಿ ಯಾರದ್ದಾದರೂ ಸ್ನೇಹ ಮಾಡಿ.

ಟ್ರೈಪಾಡ್ ಮೂರುಕಾಲು
ಸೇರಿದವರೆಲ್ಲ ಇದ್ದೀರಿ, ಒಂದು ಪ್ರಶ್ನೆ. ನನ್ನ 50 ಎಂಎಂ ಲೆನ್ಸಿನೊಳಗೆ ಜೇಡರ ಬಲೆ ಥರ ಕಾಣುತ್ತಿದೆ. ಫಂಗಸ್ಸಾ? ಅಕ್ಕಿ ಡಬ್ಬದಲ್ಲಿ ಇಟ್ಟರೆ ಹೋಗುತ್ತಾ?

ನೆರಳುಬೆಳಕು
ಹೋಗುವುದಿಲ್ಲ. ಅಕ್ಕಿಯ ಪುಡಿ ಒಳಗೆ ಸೇರುತ್ತದೆ ಅಷ್ಟೇ. ಮುಂಬೈ ಮಳೆಗಾಲ ಕಳೆದ ಮೇಲೆ ಎಲ್ಲರ ಮನೆಯದೂ ಇದೇ ಗೋಳು. ಬಂದದ್ದನ್ನು ರಿಪೇರಿಯವರೇ ಬಿಚ್ಚಿ ಒರೆಸಬೇಕು. ಮುಂದೆ ಬಾರದ ಹಾಗೆ ಗಾಳಿ ಆಡದ ಡಬ್ಬ, ಸಿಲಿಕಾ ಜೆಲ್, ಒಳಗೆ ಒಂದು ತೇವಾಂಶ ಮೀಟರ್. 40ರಿಂದ 50 ಶೇಕಡಾ ಇದ್ದರೆ ಸಾಕು. ತೀರಾ ಒಣಗಿಸಲೂ ಬೇಡಿ. ನೀಲಿ ಜೆಲ್ ಗುಲಾಬಿ ಆದರೆ ತೇವ ಕುಡಿದಿದೆ ಅಂತ, ಓವನ್‌ನಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ, ಆ ಬಣ್ಣ ಒಳ್ಳೆಯದಲ್ಲ.

ಎಲ್ಲಕ್ಕಿಂತ ಒಳ್ಳೆಯ ಔಷಧ, ಲೆನ್ಸನ್ನು ಆಗಾಗ ಹೊರಗೆ ತೆಗೆದು ಬಳಸುವುದು.

ಮೂಕಪ್ರೇಕ್ಷಕಿ
ನಮ್ಮ ಮನೆಯ ಓವನ್‌ನಲ್ಲಿ ಗುಲಾಬಿ ಕಾಳು ಯಾಕೆ ಸಿಕ್ಕಿತು ಅಂತ ಈಗ ಗೊತ್ತಾಯಿತು. ಸಂಜೆ ಮನೆಗೆ ಬರಲಿ.

ಮುಲುಂಡ್ ಅಪರ್ಚರ್
ದಿನಾಂಕ 21 ಪಕ್ಕಾ. ಡಿಸೆಂಬರಿನಲ್ಲಿ ಇಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಬೇಗ ಬರುವವರು ನಾಲ್ಕೂವರೆಗೆ ಫೈವ್ ಗಾರ್ಡನ್ಸ್‌ಗೆ ಬನ್ನಿ, ಮರಗಳ ಕೆಳಗೆ ಬೆಳಕು ಚೆನ್ನಾಗಿರುತ್ತದೆ. ಸ್ಟೇಷನ್ ಹೊರಗಿನ ಹೂವಿನ ಅಂಗಡಿಯವರ ಫೋಟೊ ತೆಗೆಯುವವರು ಮೊದಲು ಕೇಳಿ, ಆಮೇಲೆ ಒಂದು ಮೊಳವಾದರೂ ಕೊಳ್ಳಿ. ಪ್ಲಾಟ್‌ಫಾರಂ ಮೇಲೆ ಮಾತ್ರ ದೊಡ್ಡ ಕ್ಯಾಮೆರಾ ತೆಗೆಯಬೇಡಿ, ಅನುಮತಿ ಬೇಕು. ಪೊಲೀಸರಿಗೆ ಉತ್ತರ ಕೊಡುವುದು ಕಾರ್ಯದರ್ಶಿಯ ಕೆಲಸ ಅಲ್ಲ.

ಕ್ವಿಜ್ ಯಾರು ಮಾಡುತ್ತೀರಿ?

ಕಪ್ಪುಬಿಳುಪು
ನಾನು. ಎರಡು ಪ್ರಶ್ನೆ ಈಗಲೇ ಬಿಡುತ್ತೇನೆ, ರುಚಿ ನೋಡಿ. ಒಂದು, ತನ್ನ ಫೋಟೊಗಳಿಗೆ "ಡಾಲ್ಡಾ 13" ಅಂತ ಹೆಸರು ಹಾಕುತ್ತಿದ್ದವರು ಯಾರು? ಎರಡು, ಮೈಸೂರಿನ ಯಾವ ಪತ್ರಿಕಾ ಛಾಯಾಗ್ರಾಹಕರಿಗೆ 1977ರಲ್ಲಿ ಪದ್ಮಶ್ರೀ ಬಂತು?

ಕುಂದಾಪುರದ ಕೊಕ್ಕರೆ
ಎರಡನೆಯದು ಟಿ.ಎಸ್. ಸತ್ಯನ್. ಇದು ಗೊತ್ತಿಲ್ಲದಿದ್ದರೆ ಕ್ಯಾಮೆರಾ ಮಾರಬೇಕು.

ಮೊಬೈಲ್ ಮಾತ್ರ
ಒಂದನೆಯದು ಹೋಮೈ ವ್ಯಾರಾವಾಲಾ! ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಹುಟ್ಟಿದ್ದು 1913, ಗಂಡನನ್ನು ಭೇಟಿ ಆದದ್ದು 13ನೇ ವಯಸ್ಸಲ್ಲಿ, ಮೊದಲ ಕಾರಿನ ನಂಬರ್ ಡಿಎಲ್‌ಡಿ 13. ಹೀಗಾಗಿ ಡಾಲ್ಡಾ 13. ಓದಿದ್ದು ಇಲ್ಲೇ, ಜೆ.ಜೆ. ಆರ್ಟ್ ಸ್ಕೂಲ್‌ನಲ್ಲಿ.

ಕಪ್ಪುಬಿಳುಪು
ಶಭಾಷ್. ಹಾಗಾದರೆ ಸುಲಭದ್ದೆಲ್ಲ ತೆಗೆದುಹಾಕುತ್ತೇನೆ.

ಡೊಂಬಿವಲಿ ಸ್ಲೋ
ಮಾವ, ಹಾಲ್ ಇರುವುದು ಭಾವು ದಾಜಿ ರಸ್ತೆಯ ಹತ್ತಿರ. ಅದರ ಮೇಲೂ ಒಂದು ಪ್ರಶ್ನೆ ಹಾಕಿ. ಬರುವ ದಾರಿಯಲ್ಲಿ ಬೋರ್ಡ್ ಓದಿಕೊಂಡು ಬರುತ್ತೇನೆ.

ಕಪ್ಪುಬಿಳುಪು
ಒಳ್ಳೆಯ ಎಳೆ ಕೊಟ್ಟೆ ತಮ್ಮ. ಆದರೆ ಉತ್ತರ ಬೋರ್ಡಿನಲ್ಲಿ ಇರುವುದಿಲ್ಲ.

ಟ್ರೈಪಾಡ್ ಮೂರುಕಾಲು
ಮುಖ್ಯ ವಿಷಯವೇ ಬಿಟ್ಟಿರಿ. ಗ್ರೂಪ್ ಫೋಟೊ! ಹೋದ ವರ್ಷ 22 ಜನ, 22 ಕ್ಯಾಮೆರಾ, ಎಲ್ಲರೂ ಇರುವ ಫೋಟೊ ಒಂದೂ ಇಲ್ಲ. ಪ್ರತಿಯೊಂದರಲ್ಲೂ ಯಾರೋ ಒಬ್ಬರು "ನಾನು ತೆಗೀತೀನಿ" ಅಂತ ಹೊರಗೆ. ಕೊನೆಗೆ ನಾನು ಹತ್ತು ಸೆಕೆಂಡ್ ಟೈಮರ್ ಹಾಕಿ ಓಡಿದೆ. ಓಡುವಾಗ ಕುರ್ಚಿಗೆ ಸಿಕ್ಕಿ ಬಿದ್ದೆ. ಫೋಟೊದಲ್ಲಿ ಎಲ್ಲರೂ ನನ್ನ ಕಡೆ ನೋಡಿ ನಗುತ್ತಿದ್ದಾರೆ, ನನ್ನದು ಮಾತ್ರ ಒಂದು ಕಾಲು ಕಾಣುತ್ತದೆ.

ಮೊಬೈಲ್ ಮಾತ್ರ
ಅಣ್ಣ, ಅದೇ ಕೆಟ್ಟ ಫೋಟೊ ಸ್ಪರ್ಧೆಗೆ ಹಾಕಿ. ಗ್ಯಾರಂಟಿ ಗೆಲ್ಲುತ್ತೀರಿ.

ನೆರಳುಬೆಳಕು
ಇದಕ್ಕೆ ಲೆಕ್ಕವೇ ಇದೆ. ಇಪ್ಪತ್ತರೊಳಗೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಮಂದ ಬೆಳಕಿದ್ದರೆ ಎರಡರಿಂದ. ಅಷ್ಟು ಫೋಟೊ ತೆಗೆದರೆ ಒಂದರಲ್ಲಾದರೂ ಯಾರೂ ಕಣ್ಣು ಮುಚ್ಚಿರುವುದಿಲ್ಲ. ಆಸ್ಟ್ರೇಲಿಯಾದ ಇಬ್ಬರು ಕಂಡುಹಿಡಿದು 2006ರಲ್ಲಿ ಇಗ್ನೊಬೆಲ್ ತೆಗೆದುಕೊಂಡರು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಾವು ಇಪ್ಪತ್ತು ದಾಟುತ್ತೇವೆ, ಹಾಲ್ ಬೆಳಕೂ ಅಷ್ಟಕ್ಕಷ್ಟೆ. ಆದ್ದರಿಂದ 15 ಇರಲಿ. ಟೈಮರ್ ಬೇಡ, ಎರಡು ಸೆಕೆಂಡಿಗೊಂದು ತಾನೇ ತೆಗೆಯುವ ಹಾಗೆ ಇಂಟರ್ವಲ್ ಹಾಕಿ ನಾವೆಲ್ಲ ಹೋಗಿ ನಿಂತರಾಯಿತು. ಎರಡು ಸಾಲು, ಎರಡೂ ಸ್ಪಷ್ಟ ಬರುವ ಹಾಗೆ ಅಪರ್ಚರ್ ಎಫ್ 8. ವೈಡ್ ಲೆನ್ಸ್ ಹಾಕಬೇಡಿ, ಅಂಚಿನಲ್ಲಿ ನಿಂತವರ ಮುಖ ಹಿಗ್ಗುತ್ತದೆ.

ಧಾರವಾಡದ ಪೇಡೆ
ಅಂಚಿನ್ಯಾಗ ನಾನs ನಿಂತಿದ್ದೆ. ನಾನು ದಪ್ಪ ಆಗೇನಿ ಅಂತ ಮನ್ಯಾಗ ಒಂದು ತಿಂಗಳು ರೊಟ್ಟಿ ಕಡಿಮಿ ಮಾಡಿದ್ರು.

ಕುಂದಾಪುರದ ಕೊಕ್ಕರೆ
ಮತ್ತೆ ಊಟ ಎಷ್ಟು ಗಂಟೆಗೆ? ಅದು ಯಾರೂ ಹೇಳಲಿಲ್ಲ.

ಮುಲುಂಡ್ ಅಪರ್ಚರ್
ಎಂಟಕ್ಕೆ. ಸ್ಲೈಡ್ ಶೋ ಎಲ್ಲಿಯೇ ಇರಲಿ, ಎಂಟಕ್ಕೆ ದೀಪ ಹಾಕುತ್ತೇನೆ. ಮಿಂಚುಳ್ಳಿಗೆ ಮೀನು ಸಿಗದಿದ್ದರೂ ಸರಿ.

ಮುಲುಂಡ್ ಅಪರ್ಚರ್ (ಡಿಸೆಂಬರ್ 22)
ಎಲ್ಲರಿಗೂ ಥ್ಯಾಂಕ್ಸ್. ಏಳು ಐವತ್ತೆಂಟಕ್ಕೆ ದೀಪ ಹಾಕಿದೆ, ದಾಖಲೆ ಇರಲಿ. ಪಾತ್ರೆಗಳು ಖಾಲಿ. ಕೆಟ್ಟ ಫೋಟೊ ಬಹುಮಾನ ಶೂಗೆ ಬಂತು, ಕಾಲಿಗೆ ಎರಡನೆಯದು. ನೆರಳುಬೆಳಕು ಸರ್ ಐದೇ ಕೊಟ್ಟರು, ಎಲ್ಲರಿಗಿಂತ ಜಾಸ್ತಿ ಚಪ್ಪಾಳೆ ಅವರಿಗೇ.

ಗ್ರೂಪ್ ಫೋಟೊ ಹಾಕಿದ್ದೇನೆ. ಹನ್ನೊಂದನೆಯದರಲ್ಲಿ ಎಲ್ಲರ ಕಣ್ಣೂ ತೆರೆದಿವೆ. ಒಂದೇ ಅನುಮಾನ. ಹಿಂದಿನ ಸಾಲಲ್ಲಿ ಎಡಗಡೆ ಹಳದಿ ಅಂಗಿಯವರು ಯಾರು?

ಡೊಂಬಿವಲಿ ಸ್ಲೋ
ಧಾರವಾಡದವರ ಜೊತೆ ಬಂದವರು ಅಂದುಕೊಂಡಿದ್ದೆ.

ಧಾರವಾಡದ ಪೇಡೆ
ನನ್ನ ಜೋಡಿ ಯಾರೂ ಬಂದಿರಲಿಲ್ರಿ. ನಾ ಅವರಿಗೆ ಎರಡು ರೊಟ್ಟಿ ಹೆಚ್ಚಿಗಿ ಹಾಕೀನಿ, ಮಾಣಿಯವರ ಪೈಕಿ ಇರಬೇಕಂತ.

ಹೋಟೆಲ್ ಮಾಣಿ
ನಮ್ಮ ಪೈಕಿ ಅಲ್ಲವೇ ಅಲ್ಲ. ಗಸಿ ಮೂರು ಸಲ ಹಾಕಿಸಿಕೊಂಡರು. "ಬಹಳ ಚೆನ್ನಾಗಿದೆ" ಅಂತ ನನ್ನ ಕೈ ಕುಲುಕಿದರು.

ಕಪ್ಪುಬಿಳುಪು
ಅಯ್ಯೋ, ಕ್ವಿಜ್‌ನ ಕೊನೆಯ ಪ್ರಶ್ನೆಗೆ ಉತ್ತರ ಹೇಳಿದ್ದು ಅವರೇ! "ಮುಂಬೈಯಲ್ಲಿ 1854ರಲ್ಲೇ ಶುರುವಾದ ಫೋಟೊಗ್ರಾಫಿಕ್ ಸೊಸೈಟಿಯಲ್ಲಿದ್ದ ಅಣ್ಣ-ತಮ್ಮ ಯಾರು" ಅಂತ ಕೇಳಿದೆ. ನೀವೆಲ್ಲ ಛಾವಣಿ ನೋಡುತ್ತಿದ್ದಿರಿ. ಅವರು ಹಿಂದಿನಿಂದ "ಡಾಕ್ಟರ್ ಭಾವು ದಾಜಿ, ಡಾಕ್ಟರ್ ನಾರಾಯಣ ದಾಜಿ" ಅಂದರು. ಬಹುಮಾನದ ಸಿಲಿಕಾ ಜೆಲ್ ಡಬ್ಬ ಅವರಿಗೇ ಕೊಟ್ಟೆ.

ಟ್ರೈಪಾಡ್ ಮೂರುಕಾಲು
ವಿಚಾರಿಸಿದೆ. ಮೇಲಿನ ಮಹಡಿಯ ಆರತಕ್ಷತೆಗೆ ಬಂದವರಂತೆ. ಮಹಡಿ ತಪ್ಪಿ ಒಳಗೆ ಬಂದರು, ಗೋಳಿಬಜೆ ಕೊಟ್ಟರಂತೆ, ಕೂತರು.

ಮೊಬೈಲ್ ಮಾತ್ರ
ಅಕ್ಕಾ, ಅವರು ಹೋಗುವಾಗ ನನ್ನ ಕೈಗೆ ಒಂದು ಕವರ್ ಕೊಟ್ಟರು. ಕ್ಲಬ್ಬಿಗೆ ಅಂತ ತಿಳಿದು ಇಟ್ಟುಕೊಂಡಿದ್ದೇನೆ. ಮೇಲೆ "ನೂತನ ವಧೂವರರಿಗೆ" ಅಂತ ಬರೆದಿದೆ. ಒಳಗೆ 501 ರೂಪಾಯಿ. ಏನು ಮಾಡಲಿ?